ಶಂಖದ ಬಳೆಯೊಳಗೆ ಮಲಗಿದವರು

ಬೆಳಕು ಹರಿಯುವ ಮೊದಲೇ ಯುಫ್ರಾಸಿ ನರ್ಬಾಲ್ ಮೊಣಕಾಲುದ್ದದ ಕಂದು ಪಾಚಿಯ ನಡುವೆ ನಿಂತಿದ್ದಾರೆ. ಮೂಗಿಗೆ ಬಟ್ಟೆ, ಕೈಯಲ್ಲಿ ಕಬ್ಬಿಣದ ಹಲ್ಲಿನ ಕುಂಟೆ. ರಾತ್ರಿಯಿಡೀ ಸಮುದ್ರ ತಂದು ಸುರಿದ ಪಾಚಿ ಕೊಳೆತ ಮೊಟ್ಟೆಯಂತೆ ನಾರುತ್ತಿದೆ. ಪ್ರವಾಸಿಗರು ಏಳುವಷ್ಟರಲ್ಲಿ ಕೆರಿಬಿಯನ್ ಕಡಲಿನ ಫ್ರೆಂಚ್ ದ್ವೀಪ ಗ್ವಾಡಲೂಪಿನ ಈ ಆನ್ಸ್ ಬೆರ್ತಿನ್ ಕಡಲತೀರ ಜಾಹೀರಾತಿನ ಚಿತ್ರದಂತೆ ಬೆಳ್ಳಗೆ ಕಾಣಬೇಕು. ಹಾಗೆ ಕಾಣುವಂತೆ ಮಾಡುವವರು ಇವರು. ಜಾಹೀರಾತಿನಲ್ಲಿ ಮಾತ್ರ ಇವರಿಲ್ಲ.

ಉಳಿದ ತೀರಕ್ಕೆ ಪುರಸಭೆಯ ಟ್ರ್ಯಾಕ್ಟರ್ ಇದೆ. ಬಾದಾಮಿ ಮರಗಳ ಬುಡದ ಒಂದು ತುಂಡು ನೆಲವನ್ನು ಯುಫ್ರಾಸಿ ಕೈಯಿಂದಲೇ ಬಾಚುತ್ತಾರೆ. ಅಲ್ಲಿ ಮರಳಿನಡಿ ಜನ ಮಲಗಿದ್ದಾರೆ. ಹಡಗಿನಲ್ಲಿ ತುಂಬಿ ತಂದು, ಕಬ್ಬಿನ ಗದ್ದೆಯಲ್ಲಿ ದುಡಿಸಿ ಕೊಂದ ಗುಲಾಮರು. ಕಲ್ಲಿಲ್ಲ, ಹೆಸರಿಲ್ಲ. ಹೂತವರು ಗೋರಿಯ ಸುತ್ತ ಶಂಖ ನೆಟ್ಟು ಹೋದರು, ಗುರುತು ಅಂತ ಇದ್ದದ್ದು ಅಷ್ಟೇ. ಪ್ಯಾರಿಸ್ಸಿನ ಬಳಿ ರಾಜರು ಮಲಗಿದ ಚರ್ಚಿಗೆ ಕಾವಲಿದೆ, ಟಿಕೆಟ್ಟಿದೆ. ಅದೂ ಫ್ರಾನ್ಸು, ಇದೂ ಫ್ರಾನ್ಸು ಎಂದು ಶಾಲೆಯಲ್ಲಿ ನಮ್ಮಿಂದ ಬಾಯಿಪಾಠ ಮಾಡಿಸಿದರು. ಇಲ್ಲಿಯ ಸತ್ತವರಿಗೆ ಕಸ ಬಾಚುವ ಹೆಂಗಸೊಬ್ಬಳೇ ಗತಿ.

ಯುಫ್ರಾಸಿಯ ತಾಯಿಯೂ ಅಜ್ಜಿಯೂ ಕಬ್ಬಿನ ಕಂತೆ ಕಟ್ಟಿದವರು. "ಸತ್ತೋರ ಹಬ್ಬದ ಸಂಜೆ ಅಜ್ಜಿ ಊರ ಸ್ಮಶಾನದಲ್ಲಿ ನಮ್ಮೋರಿಗೆ ಮೇಣದಬತ್ತಿ ಹಚ್ಚಿ, ಎರಡು ಉಳಿಸ್ಕೊಂಡು ಇಲ್ಲಿಗೆ ಬರೋಳು. ಇವರು ನಮಗೇನಾಗ್ಬೇಕಜ್ಜಿ ಅಂದ್ರೆ, ಏನಾದ್ರೂ ಆಗ್ಲಿ, ಕತ್ತಲಲ್ಲವ್ರೆ ಅನ್ನೋಳು." ಆ ಬತ್ತಿಯ ಕೆಲಸ ಮೊಮ್ಮಗಳಿಗೆ ಬಂತು. ಪುರಸಭೆಯ ಕೆಲಸ ಆಮೇಲೆ ಬಂತು, ಇವತ್ತಿಗೂ ಅದು ತಾತ್ಕಾಲಿಕವೇ.

ಕಳೆದ ತಿಂಗಳು ತೀರವನ್ನು ಅಂದಗಾಣಿಸುವ ಹುಚ್ಚು ಪುರಸಭೆಗೆ ಹಿಡಿಯಿತು. ಯುಫ್ರಾಸಿಗೆ ರಜೆಯಿದ್ದ ಭಾನುವಾರ ಶಂಖಗಳನ್ನೆಲ್ಲ ಕಿತ್ತರು. ಅವಕ್ಕೆ ಸುಣ್ಣ ಬಳಿದು ಕಾರು ನಿಲ್ಲಿಸುವ ಜಾಗದ ಹೂವಿನ ಪಾತಿಗೆ ಅಂಚು ಕಟ್ಟಿದರು. ಕಿತ್ತವರು ಹೊರಗಿನವರಲ್ಲ. ಪ್ರತಿ ವರ್ಷ ತಮ್ಮ ತಾತನ ಗೋರಿಗೆ ತಪ್ಪದೆ ಸುಣ್ಣ ಹೊಡೆದು, ಬತ್ತಿ ಹಚ್ಚುವ ನಮ್ಮವರೇ. ಚೆಂದ ಕಾಣಲಿ ಅಂತ ಮಾಡಿದರಂತೆ. ಸತ್ತವರ ಗುರುತು ಕಿತ್ತು ಹೂವಿನ ಗಿಡಕ್ಕೆ ಬೇಲಿ ಹಾಕಿ, ಚೆಂದವಂತೆ!

ಗುರುತು ಹೋದ ಮೇಲೆ ಟ್ರ್ಯಾಕ್ಟರಿಗೆ ಏನು ತಡೆ? ಸೋಮವಾರ ಮುಂಜಾನೆ ಅದು ನೇರ ಮರಗಳ ಬುಡಕ್ಕೇ ಬಂತು. ಯುಫ್ರಾಸಿ ಅಡ್ಡ ನಿಂತರು. ಓಡಿಸುತ್ತಿದ್ದವನು ಅವರ ಸೋದರಳಿಯ ಜೊಸ್ಲೆಂ.

"ಅತ್ತೆ, ಪಕ್ಕಕ್ಕೆ ಬಾ. ಇಲ್ಲೇನೂ ಕಾಣ್ತಿಲ್ವಲ್ಲ."

"ನಿನ್ನ ಮಿದುಳೂ ಕಾಣಲ್ಲ. ಹಂಗಂತ ಅದರ ಮೇಲೆ ಗಾಡಿ ಹತ್ತಿಸ್ತೀನಾ?"

ಅವನು ಎಂಜಿನ್ ಆರಿಸಿದ.

ಅಂದೇ ಯುಫ್ರಾಸಿ ಹೂವಿನ ಪಾತಿಯಿಂದ ಶಂಖಗಳನ್ನು ಕಿತ್ತು ಕೈಗಾಡಿಯಲ್ಲಿ ಹೇರಿಕೊಂಡು ಬಂದರು. ತಂದ ಮೇಲೆ ಕೈ ನಿಂತಿತು. ಯಾವ ಶಂಖ ಯಾವ ಗೋರಿಯದು? "ತಲೆ ಎಲ್ಲಿ, ಕಾಲು ಎಲ್ಲಿ, ನಂಗೂ ಗೊತ್ತಿಲ್ಲ. ಗೊತ್ತಿದ್ದಂಗೆ ನೆಟ್ಟು ಇವರಿಗೂ ಮೋಸ ಮಾಡ್ಲಾ?" ಕೊನೆಗೆ ಇಡೀ ಜಾಗವನ್ನು ಬಳಸಿ ಒಂದೇ ದೊಡ್ಡ ಬಳೆಯಂತೆ ನೆಟ್ಟರು.

ಪುರಸಭೆಯ ಮೇಲ್ವಿಚಾರಕ ಲಾವರ್ಡೂರ್ ಬೂಟಿನ ಮರಳು ಕೊಡವುತ್ತ ಬಂದ. "ಯಾರನ್ನ ಕೇಳಿ ಇದನ್ನೆಲ್ಲ ನೆಟ್ಟೆ?"

"ಇವರನ್ನ ಹಡಗಿಗೆ ಹತ್ತಿಸ್ದೋರು ಯಾರನ್ನ ಕೇಳಿದ್ರು, ಸಾಹೇಬ್ರೇ?"

ಅವನು ಕೆಲಸದ ಮಾತು ತೆಗೆದು ಹೆದರಿಸಿ ಹೋದ. ಮುಂದಿನ ವರ್ಷ ಯುಫ್ರಾಸಿ ಇಲ್ಲಿ ಇರುತ್ತಾರೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ಈಗ ಬಿಸಿಲು ಏರುತ್ತಿದೆ. ದೂರದಿಂದ ಟ್ರ್ಯಾಕ್ಟರ್ ಬರುತ್ತಿದೆ. ಬಳೆಯ ಹತ್ತಿರ ಜೊಸ್ಲೆಂ ನಿಧಾನಿಸುತ್ತಾನೆ, ಸ್ಟೀರಿಂಗ್ ತಿರುಗಿಸುತ್ತಾನೆ, ಬಳಸಿಕೊಂಡು ಹೋಗುತ್ತಾನೆ. ಮರಳಿನ ಮೇಲೆ ಚಕ್ರದ ಗುರುತು ಡೊಂಕಾಗಿ ಉಳಿಯುತ್ತದೆ. ಯುಫ್ರಾಸಿ ಶಂಖವೊಂದರ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ಅದನ್ನೇ ನೋಡುತ್ತಾರೆ.

"ನಂಗೆ ಬೋರ್ಡು ಬೇಡ, ಭಾಷಣ ಬೇಡ," ಎನ್ನುತ್ತಾರೆ. "ನಾನು ಹೋದ್ಮೇಲೂ ಆ ಗಾಡಿ ಹಿಂಗೇ ಸುತ್ತು ಹಾಕ್ಕೊಂಡು ಹೋದ್ರೆ ಸಾಕು."