ಮಾವನವರಿಗೆಂದು ತಂದ ಬಿಲ್ಲು

ಆ ಬಿಲ್ಲಿಗೆ ನಾನು ಕೊಟ್ಟದ್ದು ಎಂಟು ರೂಪಾಯಿ. ಮಾಡಿದವನು ಕೇಳಿದ್ದು ಹನ್ನೆರಡು. ಒಂದು ಮರದ ಪಟ್ಟಿಗೆ, ಒಂದು ದಾರಕ್ಕೆ, ಅಷ್ಟೇಕೆ ಎನ್ನುವವರಿಗೆ ಹೇಳುತ್ತೇನೆ. ಬಲಿತ ಬಗನೆ ಮರ ಸಿಗಬೇಕು. ಹುಳ ಹಿಡಿಯದಂತೆ ಅದನ್ನು ಅಮಾವಾಸ್ಯೆಯ ಆಸುಪಾಸಿನಲ್ಲೇ ಕಡಿಯಬೇಕು. ಸೀಳಿದ ಪಟ್ಟಿ ಎರಡು ಮಳೆಗಾಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯಬೇಕು. ಆಮೇಲೆ ಕತ್ತಿ ಹಿಡಿದು ಹೆರೆಯುವ ಕೆಲಸ, ನಾರು ಹೊಸೆದು ಹೆದೆ ಮಾಡುವ ಕೆಲಸ. ಇಷ್ಟಕ್ಕೆ ಎಂಟು ನ್ಯಾಯವೇ. ಉಳಿದ ನಾಲ್ಕು ಯಾತಕ್ಕೆಂದು ಅವನು ಬಿಡಿಸಿ ಹೇಳಿದ್ದ. ನಾನು ಕೇಳಿಸಿಕೊಂಡೆ, ಆದರೆ ವ್ಯಾಪಾರಿಯ ಕಿವಿಯಿಂದ.

ಸಾಗರದ ಪೇಟೆಯಲ್ಲಿ ಮೂಟೆ ಹೊತ್ತು ಬದುಕು ಶುರು ಮಾಡಿದವನು ನಾನು. ಶರಾವತಿಯ ಹಿನ್ನೀರು ಏರಿದ ಮರುವರ್ಷದ ಹೊತ್ತಿಗೆ ಸೀಗೆಕಾಯಿ, ಕಾಳುಮೆಣಸು ಕೊಳ್ಳುವ ಸ್ವಂತ ಅಂಗಡಿ ಮಾಡಿಕೊಂಡಿದ್ದೆ. ಹೇಳಿದ ಬೆಲೆಗೆ ಯಾವುದನ್ನೂ ಕೊಂಡವನಲ್ಲ ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಮೋಹವೂ ಇತ್ತು.

ಹೆಂಡತಿಯ ತವರು ತೀರ್ಥಹಳ್ಳಿ ಕಡೆ, ಕವಲೇದುರ್ಗದ ಬುಡದಲ್ಲಿ. ಮಾವನವರು ಆ ಊರಿನ ಬಿಲ್ಲುಗಾರರು. ವಿಜಯದಶಮಿಯ ಸಂಜೆ ಬನ್ನಿಮರದ ಬಳಿ ಬಾಳೆದಿಂಡು ನೆಟ್ಟು ಅಂಬು ಹೊಡೆಯುವುದು ಅಲ್ಲಿನ ಕ್ರಮ. ಮೊದಲ ಅಂಬು ಅವರದು. ಅದು ನಾಟಿದ ಮೇಲೆಯೇ ಉಳಿದವರು ಬಿಲ್ಲು ಮುಟ್ಟುತ್ತಿದ್ದರು. ಮೊದಲ ಅಂಬು ನಾಟಿಸಿದವನೇ ಆ ವರ್ಷದ ಬೇಟೆಗೆ ಯಜಮಾನ. ಹಂದಿ ಗದ್ದೆಗೆ ಬಿದ್ದಾಗ ಯಾರು ಎಲ್ಲಿ ನಿಲ್ಲಬೇಕು, ಯಾರಿಗೆಷ್ಟು ಪಾಲು, ಎಲ್ಲ ಅವನ ಮಾತಿನಂತೆ. ಕೋವಿ ಇಟ್ಟುಕೊಂಡವರೂ ಮಾವನವರ ಬಾಯಿಯನ್ನೇ ನೋಡುತ್ತಿದ್ದರು.

ಆ ವರ್ಷ ಅವರ ಹಳೆಯ ಬಿಲ್ಲಿಗೆ ಹುಳ ಬಿದ್ದು ಒಳಗೆಲ್ಲ ಹಿಟ್ಟಾಗಿತ್ತು. ನಾನು ಹಬ್ಬಕ್ಕೆ ಮೊದಲೇ ಹೋಗಿದ್ದೆ. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಮಾವನವರು, "ನೀವು ಮಾಲು ಕಂಡವ್ರು. ನಂಗೊಂದು ಬಿಲ್ಲು ಆರಿಸ್ಕೊಂಡ್ ಬನ್ನಿ. ಗಟ್ಟಿ ಇರ್ಲಿ" ಎಂದರು. ನೀವೂ ಬನ್ನಿ ಎಂದದ್ದಕ್ಕೆ ಬಸ್ಸು ಒಗ್ಗುವುದಿಲ್ಲ ಎಂದುಬಿಟ್ಟರು.

ಬಿಲ್ಲು ಮಾಡುವವನ ಮನೆ ಹೊಸನಗರದಾಚೆ, ನಗರ ಎಂಬ ಊರಿನ ದಾರಿಯಲ್ಲಿ. ಅವನೂ ಕಡಿಮೆ ಆಸಾಮಿಯಲ್ಲ. ಸೊಟ್ಟ ಬಿಲ್ಲನ್ನು ಮೊದಲು ಕೊಟ್ಟು ನನ್ನ ಕಣ್ಣು ಎಷ್ಟು ಚುರುಕೆಂದು ನೋಡಿದ. ಅದನ್ನು ಬದಿಗಿಟ್ಟೆ. ಎರಡನೆಯದರಲ್ಲಿ ಗಂಟಿತ್ತು, ಅದನ್ನೂ ಇಟ್ಟೆ. ಮೂರನೆಯದು ಕಪ್ಪಗೆ, ಎಣ್ಣೆ ಕುಡಿದು, ತುದಿಯಿಂದ ತುದಿಗೆ ಒಂದೇ ಎಳೆ. ಹೆದೆ ಏರಿಸಿ ಕಿವಿಯವರೆಗೆ ಎಳೆದೆ. ಮೂಟೆ ಹೊತ್ತ ತೋಳು, ಸುಖವಾಗಿ ಬಂತು.

ಹನ್ನೆರಡು ಎಂದ. ಅದರಲ್ಲಿ ನಾಲ್ಕು ರೂಪಾಯಿ ಅವನು ಊರಿಗೆ ಬಂದು ಹೋಗುವುದಕ್ಕಂತೆ. ಮಾಡುವವರು ಬಿಲ್ಲನ್ನು ಬೇಕೆಂದೇ ದಪ್ಪ ಬಿಟ್ಟಿರುತ್ತಾರೆ. ಎಳೆಯುವವರ ಎದುರು ಕೂತು, ಅವರ ಕೈ ನೋಡಿ, ಎಳೆಸಿ, ಹೆರೆದು, ಮತ್ತೆ ಎಳೆಸಿ ಹದ ಮಾಡಿ ಕೊಡುವುದು ಅವರ ಕ್ರಮ.

"ಎಳೆಯೋರು ನೀವೇನಾ ಸಾವ್ಕಾರ್ರೆ?"

ನನ್ನ ಮಾವ, ನನಗಿಂತ ದೊಡ್ಡ ಬಿಲ್ಲುಗಾರರು ಎಂದೆ.

"ವಯಸ್ಸೆಷ್ಟು ಅವರ್ದು?"

"ಬಿಲ್ಲು ಮಾರ್ತೀಯೋ, ಜಾತಕ ನೋಡ್ತೀಯೋ?"

ಅವನು ನಕ್ಕ. ನನಗೆ ಅದು ಬೆಲೆ ಏರಿಸುವ ದಾರಿಯಾಗಿ ಕಂಡಿತ್ತು. ನೀನು ಬರುವುದೇ ಬೇಡ, ಇದ್ದ ಹಾಗೆ ಕೊಡು ಎಂದು ಎಂಟು ರೂಪಾಯಿ ಇಟ್ಟೆ. "ನಂಗೆ ನಡೆಯೋದು ಉಳೀತು ಬಿಡಿ" ಎಂದು ದುಡ್ಡು ಸೊಂಟಕ್ಕೆ ಸಿಕ್ಕಿಸಿದ. ಬಸ್ಸಿನಲ್ಲಿ ಬಿಲ್ಲನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಕೇಳಿದವರಿಗೆಲ್ಲ ಬೆಲೆ ಹೇಳುತ್ತ ಬಂದೆ.

ಮಾವನವರು ಬಿಲ್ಲನ್ನು ಸವರಿ ನೋಡಿದರು. ಚೆನ್ನಾಗಿದೆ ಎಂದರು. ಮನೆಯಲ್ಲಿ ಒಮ್ಮೆಯೂ ಎಳೆದು ನೋಡಲಿಲ್ಲ. ನನಗೆ ಅನುಮಾನ ಬರಬೇಕಿದ್ದದ್ದು ಅಲ್ಲಿ.

ಬನ್ನಿಮರದ ಬಳಿ ಊರೆಲ್ಲ ಸೇರಿತ್ತು. ಮಾವನವರು ಎಡಗಾಲು ಮುಂದಿಟ್ಟು ಅಂಬು ಹೂಡಿದರು. ಹೆದೆ ಎದೆಯವರೆಗೂ ಬರಲಿಲ್ಲ. ಮೊಣಕೈ ನಡುಗಿತು. ಅಂಬು ಹೆದೆಯಿಂದ ಜಾರಿ ಅವರ ಪಾದದ ಬಳಿಯೇ ಬಿತ್ತು. ಒಬ್ಬಿಬ್ಬರು ಬನ್ನಿಯ ಎಲೆ ಕೀಳುವ ನೆವದಲ್ಲಿ ಬೆನ್ನು ತಿರುಗಿಸಿದರು. ನನ್ನ ಭಾವ, ಮಾವನವರ ಹಿರಿಯ ಮಗ, ಹೆದೆ ಹೊಸದಲ್ವಾ, ಬಿಗಿ ಇರ್ತದೆ ಎಂದು ಮೆಲ್ಲಗೆ ಹೇಳಿದ.

ಆಗ ನಾನು ಸುಮ್ಮನಿರಬೇಕಿತ್ತು. ನನ್ನ ಮಾಲಿಗೆ ಯಾರೋ ಕುಂದು ಹೇಳಿದರೆಂದು ಅನ್ನಿಸಿ ಬಾಯಿ ತೆರೆದೆ.

"ಮಾಲು ಗಟ್ಟಿ ಇದೆ ಮಾವಾ. ಇನ್ನೊಂದ್ಸಲ ಎಳೀರಿ."

ಅವರು ಎಳೆದರು. ಈ ಸಲ ಎಲ್ಲರಿಗೂ ಕಾಣುವಷ್ಟು ಹೊತ್ತು ಕೈ ನಡುಗಿತು. ಬಿಲ್ಲನ್ನು ಇಳಿಸಿ, ನನ್ನ ಕಡೆ ಚಾಚಿ, "ನೀವೇ ಹೊಡೀರಿ" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಬೇಡವೆಂದರೆ ಅವರ ಸೋಲನ್ನು ಇನ್ನಷ್ಟು ಹೊತ್ತು ನಿಲ್ಲಿಸಿಟ್ಟ ಹಾಗೆ. ತೆಗೆದುಕೊಂಡೆ. ಒಂದೇ ಏಟಿಗೆ ಅಂಬು ದಿಂಡಿನ ನಡುವಿಗೆ ನಾಟಿತು. ಜನ ಕೂಗಿದರು. ಯಾರೋ ಬೆನ್ನು ತಟ್ಟಿದರು. ಆ ಕೈ ಬಿದ್ದ ಜಾಗ ಈಗಲೂ ಬಿಸಿ ಎನ್ನಿಸುತ್ತದೆ.

ಊಟಕ್ಕೆ ಬಡಿಸುತ್ತ ಹೆಂಡತಿ ಕೇಳಿದಳು: "ಅಪ್ಪ ಅನ್ನ ಕಲಸೋದನ್ನ ನೋಡಿಲ್ವಾ ನೀವು? ತುತ್ತು ಎತ್ತೋವಾಗ ಕೈ ಹೇಗೆ ಆಗ್ತದೆ ಅಂತ?" ಬಂದಾಗಿನಿಂದ ಅವರ ಪಕ್ಕದಲ್ಲೇ ಕೂತು ಉಂಡಿದ್ದೆ. ಸೊಟ್ಟ ಪಟ್ಟಿಯನ್ನು ಮಾರು ದೂರದಿಂದ ಹಿಡಿಯುವ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಬೆಳಿಗ್ಗೆ ಮಾವನವರ ಬಳಿ ಹೋಗಿ, ಬಿಲ್ಲಿನವನನ್ನು ಕರೆಸಿ ಹೆರೆಸುತ್ತೇನೆ, ಎಷ್ಟು ಕೇಳಿದರೂ ಕೊಡುತ್ತೇನೆ ಎಂದೆ. ಮಾವನವರು ತಲೆಯಾಡಿಸಿದರು.

"ಬೇಡ. ಮುದುಕನಿಗೆ ಅಂತ ಬಿಲ್ಲು ತೆಳ್ಳಗೆ ಮಾಡ್ಸಿದ್ರು ಅಂತಾರೆ. ಮೊದ್ಲೇ ಮಾಡ್ಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಆ ವರ್ಷದ ಬೇಟೆಗೆ ನಾನು ಹೆಸರಿಗೆ ಯಜಮಾನ. ಸಾಗರದ ಅಂಗಡಿಯವನಿಗೆ ಆ ಕಾಡಿನ ದಾರಿ ಏನು ಗೊತ್ತು? ಭಾವನೇ ಎಲ್ಲ ನಡೆಸಿದ. ಮಾವನವರು ಬನ್ನಿಮರದ ಕಡೆ ಮತ್ತೆ ಬರಲಿಲ್ಲ.

ಬಿಲ್ಲು ಕೊಳ್ಳುವವರು ಈಗ ವಿರಳ. ಕೊಳ್ಳುವುದಾದರೆ ಕಪ್ಪು ಹೊಳಪಿಗೆ ಮರುಳಾಗಬೇಡಿ, ಎಳೆ ನೇರವಿದೆಯೇ ನೋಡಿ. ಎಳೆದು ಒಂದು ಉಸಿರು ಹಿಡಿದು ನಿಲ್ಲಿ. ತೋಳು ಅದುರಿದರೆ ಅದು ನಿಮ್ಮದಲ್ಲ. ಕೆಲಸ ಮುಗಿದೊಡನೆ ಹೆದೆ ಇಳಿಸಿಡಿ. ಬೇರೆಯವರಿಗಾಗಿ ಕೊಳ್ಳುವಾಗ ನಿಮ್ಮ ತೋಳನ್ನು ನಂಬಬೇಡಿ. ಅವರು ಬರಲೊಲ್ಲೆ ಎಂದರೆ ಬಸ್ಸಿನ ಮಾತು ಬಿಟ್ಟು, ಯಾಕೆ ಒಲ್ಲೆ ಅನ್ನುತ್ತಾರೆಂದು ಯೋಚಿಸಿ. ಮಾಡುವವನನ್ನೇ ಮನೆಗೆ ಕರೆಸಿ, ಹಿತ್ತಲಲ್ಲಿ, ನಾಲ್ಕು ಜನ ಇಲ್ಲದ ಹೊತ್ತಿನಲ್ಲಿ ಎಳೆಸಿ ನೋಡಿ. ಆಗ ನೀವು ಅಲ್ಲಿ ನಿಲ್ಲಬೇಡಿ, ಒಳಗೆ ಹೋಗಿ ಕಾಫಿ ಮಾಡಿಸಿ.