ಭಾವನ ಮಾತೃಭಾಷೆ, ನನ್ನ ಕೈಬರಹ

ಕಾರ್ಡಿನಲ್ಲಿ ಒಂದು ಮೀನಿನ ಚಿತ್ರ ಇತ್ತು. ಆಸ್ಪತ್ರೆಯ ಮಂಚದ ಪಕ್ಕ ಕುಳಿತಿದ್ದ ಸ್ಪೀಚ್ ಥೆರಪಿಸ್ಟ್ ಅದನ್ನು ಭಾವನ ಮುಂದೆ ಹಿಡಿದು, "ಇದು ಏನು ಹೇಳಿ ಸರ್" ಎಂದರು.

ಭಾವ ಕಾರ್ಡನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಸರಿಮಾಡಿಕೊಂಡರು. "ಬಂಗುಡೆ ಅಲ್ಲ" ಎಂದರು. ಕಾರ್ಡನ್ನು ಓರೆ ಮಾಡಿ ನೋಡಿ, "ಬೂತಾಯಿಯೂ ಅಲ್ಲ. ಬಾಲ ಸರಿ ಇಲ್ಲ."

"ಮೀನು ಅಂದರೆ ಸಾಕು ಸರ್."

"ಬರೀ ಮೀನು ಅಂತ ಒಂದು ಮೀನು ಉಂಟಾ?"

ನಾನು ನಕ್ಕೆ. ಥೆರಪಿಸ್ಟ್ ಕೂಡ ನಕ್ಕರು. ಆದರೆ ಕಾರ್ಡನ್ನು ಪಕ್ಕಕ್ಕೆ ಇಟ್ಟರು. ಅಲ್ಲಿಂದ ಮುಂದೆ ನಗುವ ಹಾಗೆ ಏನೂ ಉಳಿಯಲಿಲ್ಲ.

ಶೇಖರ ಭಾವ ನನ್ನ ಅಕ್ಕನ ಗಂಡ. ಮನೆ ಕಾಪುವಿನಲ್ಲಿ. ಮಲ್ಪೆಯ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವವರು. ಸಮುದ್ರದಲ್ಲಿ ವಯರ್‌ಲೆಸ್ ಸೆಟ್ ಹಿಡಿದರೆ ಸುತ್ತಲಿನ ನಾಲ್ಕು ಬೋಟಿನವರು ಕೆಲಸ ಬಿಟ್ಟು ಕೇಳುತ್ತಿದ್ದರಂತೆ. ಹಾಗೆ ಕಿಚಾಯಿಸುವ ಬಾಯಿ. ಮನೆಯಲ್ಲೂ ಅಷ್ಟೇ. ಅಕ್ಕ ಒಂದು ಮಾತು ಮುಗಿಸುವಷ್ಟರಲ್ಲಿ ಅವರದ್ದು ಮೂರು ಆಗಿರುತ್ತಿತ್ತು.

ಕಳೆದ ವರ್ಷ ಒಂದು ದಿನ ಸೆಟ್ಟಿನಲ್ಲಿ ಮಾತಾಡುತ್ತಿದ್ದವರು ನಡುವೆ ನಿಂತರು. ಹೇಳಬೇಕಾದ ಪದ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಆಚೆಯ ಬೋಟಿನ ಸದಾನಂದ, "ಶೇಖರಣ್ಣ, ನಿಮ್ಮ ಸೆಟ್ ಹಾಳಾಗಿದೆ, ರಿಪೇರಿಗೆ ಕೊಡಿ" ಎಂದರಂತೆ. ಸೆಟ್ ಸರಿಯಾಗಿಯೇ ಇತ್ತು. ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿದಾಗ ಮೆದುಳಿನ ಎಡಭಾಗದಲ್ಲಿ ಗಡ್ಡೆ ಕಂಡಿತು. ಸರಿಯಾಗಿ ಮಾತಿನ ಜಾಗದಲ್ಲಿ.

ಎಡಭಾಗದ ಆ ಜಾಗ ಕೆಟ್ಟರೆ ಮಾತು ಹೋಗುತ್ತದೆ ಎಂದು ನಾನು ಎಲ್ಲೋ ಓದಿದ್ದೆ. (ಅರ್ಧ ಓದಿದವರ ಕಷ್ಟ ನಿಮಗೂ ಗೊತ್ತಿರಬಹುದು.) ಹಾಗಾದರೆ ಇಷ್ಟು ದಿನ ಇವರು ಹೇಗೆ ಮಾತಾಡಿದರು? ಡಾಕ್ಟರನ್ನು ಅದನ್ನೇ ಕೇಳಿದೆ.

ಡಾಕ್ಟರು ತಾಳ್ಮೆಯ ಮನುಷ್ಯ. "ಮನೆ ರಿಪೇರಿ ಮಾಡುವಾಗ ಅಡುಗೆ ಎಲ್ಲಿ ಮಾಡುತ್ತೀರಿ?" ಎಂದು ನನ್ನನ್ನೇ ಕೇಳಿದರು.

"ಹಿಂದಿನ ಜಗಲಿಯಲ್ಲಿ."

"ಇವರ ಮೆದುಳೂ ಹಾಗೆಯೇ ಮಾಡಿದೆ. ಗಡ್ಡೆ ನಿಧಾನವಾಗಿ ಬೆಳೆದದ್ದು, ವರ್ಷಗಟ್ಟಲೆ. ಅಷ್ಟರಲ್ಲಿ ಮೆದುಳು ಮಾತಿನ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಪಕ್ಕದ ಜಾಗಗಳಿಗೆ ಕೊಟ್ಟಿದೆ. ಕೆಲವರಲ್ಲಿ ಬಲಭಾಗವೂ ಕೈಜೋಡಿಸುತ್ತದೆ. ಯಾರಲ್ಲಿ ಎಲ್ಲಿಗೆ ಎಂದು ಮೊದಲೇ ಪೂರ್ತಿ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಎಚ್ಚರದಲ್ಲಿಟ್ಟು ಆಪರೇಷನ್."

ಎಚ್ಚರದಲ್ಲಿ! ಅಕ್ಕ ನನ್ನ ಕೈ ಹಿಡಿದುಕೊಂಡಳು.

ವಿಷಯ ಇಷ್ಟೇ. ಒಳಗೆ ಭಾವನಿಗೆ ಒಂದೊಂದೇ ಚಿತ್ರ ತೋರಿಸುತ್ತಾರೆ, ಅವರು ಹೆಸರು ಹೇಳುತ್ತಾ ಹೋಗಬೇಕು. ಅದೇ ಹೊತ್ತಿಗೆ ಡಾಕ್ಟರು ಮೆದುಳನ್ನು ಸಣ್ಣ ಕರೆಂಟಿನಿಂದ ಮುಟ್ಟಿ ನೋಡುತ್ತಾರೆ. ಎಲ್ಲಿ ಮುಟ್ಟಿದಾಗ ಮಾತು ನಿಲ್ಲುತ್ತದೋ ಅಲ್ಲಿ ಕತ್ತರಿ ಹಾಕುವುದಿಲ್ಲ. ಮೆದುಳಿಗೆ ನೋವು ಗೊತ್ತಾಗುವುದಿಲ್ಲವಂತೆ. ಮೊದಲೇ ಸರಿಯಾಗಿ ಹೆಸರು ಹೇಳಿದ ಚಿತ್ರಗಳನ್ನು ಮಾತ್ರ ಒಳಗೆ ಒಯ್ಯುತ್ತಾರೆ. ಆಪರೇಷನ್ನಿಗೆ ಎರಡು ದಿನ ಮೊದಲು ನಡೆಯುತ್ತಿದ್ದದ್ದು ಆ ಆಯ್ಕೆ.

ಮೀನಿನ ನಂತರ ಬೆಕ್ಕು ಬಂತು. ಭಾವ ಸುಮ್ಮನೆ ನೋಡಿದರು. ಕಾಗೆ ಬಂತು. ತುಟಿ ಅಲುಗಿತು, ಮಾತು ಬರಲಿಲ್ಲ. ಚಾಕು, ಇಲ್ಲ. ತೆಂಗಿನಕಾಯಿ, ಇಲ್ಲ. ದಿನಕ್ಕೆ ಎರಡು ತೆಂಗಿನಕಾಯಿ ಒಡೆಯುವ ಮನೆಯವರಿಗೆ ತೆಂಗಿನಕಾಯಿ ಎನ್ನಲಿಕ್ಕೆ ಬರಲಿಲ್ಲ. ಪಕ್ಕಕ್ಕಿಟ್ಟ ಕಾರ್ಡುಗಳ ಕಟ್ಟು ಬೆಳೆಯುತ್ತಾ ಹೋಯಿತು. ಭಾವನ ಹಣೆಯಲ್ಲಿ ಬೆವರು. ಕಾಪಾಡಬೇಕಾದ ಮಾತು ಆಗಲೇ ಹೋಗಿ ಆಗಿದೆ ಎಂದುಕೊಂಡೆ.

ಆಗ ಅಕ್ಕ ಗಂಜಿಯ ಡಬ್ಬಿ ಹಿಡಿದು ಬಂದಳು. ಡಬ್ಬಿ ಇಡಲು ಜಾಗ ಮಾಡುವಾಗ ಆ ಕಟ್ಟು ಅವಳ ಕೈಗೆ ಸಿಕ್ಕಿತು. ಮೇಲಿನದ್ದನ್ನು ಎತ್ತಿ, ಮನೆಯಲ್ಲಿ ಕೇಳುವ ಹಾಗೆಯೇ ಭಾವನನ್ನು ಕೇಳಿದಳು. "ಉಂದು ದಾದ?" ಇದು ಏನು ಎಂದು, ತುಳುವಿನಲ್ಲಿ.

"ತಾರಾಯಿ" ಎಂದರು ಭಾವ. ತೆಂಗಿನಕಾಯಿ!

ಅಕ್ಕ ಇನ್ನೊಂದು ಎತ್ತಿದಳು. ಚಾಕುವಿಗೆ "ಬೀಸತ್ತಿ". ಕಾಗೆಗೆ "ಕಕ್ಕೆ". ಬೆಕ್ಕಿಗೆ "ಪುಚ್ಚೆ". ಸ್ವಲ್ಪ ತಡವರಿಸುತ್ತಾ, ಆದರೆ ಎಲ್ಲವೂ ಬಂದವು.

"ಮತ್ತೆ ಎಂತ ಬರುವುದಿಲ್ಲ ಅಂತ ಇವರನ್ನು ಹೀಗೆ ಬೆವರಿಸಿದ್ದು?" ಎಂದು ಅಕ್ಕ ನಮ್ಮಿಬ್ಬರನ್ನೂ ನೋಡಿದಳು.

ಥೆರಪಿಸ್ಟ್ ಶಿವಮೊಗ್ಗ ಕಡೆಯವರು, ತುಳು ಬಾರದು. ಅವರು ಫೈಲ್ ತೆರೆದು ನನ್ನ ಮುಂದೆ ಇಟ್ಟರು. "ಮಾತೃಭಾಷೆ ಕನ್ನಡ ಅಂತ ನೀವೇ ಬರೆದಿದ್ದೀರಲ್ಲ ಸರ್?"

ಬರೆದಿದ್ದೆ. ನನ್ನದೇ ದುಂಡು ಅಕ್ಷರ.

ನಮ್ಮ ಊರಿನಲ್ಲಿ ಇದು ಅಭ್ಯಾಸ. ಮನೆಯಲ್ಲಿ ತುಳು, ಫಾರ್ಮಿನಲ್ಲಿ ಕನ್ನಡ. ಶಾಲೆಯ ಅರ್ಜಿಗೂ ಹಾಗೆ, ಬ್ಯಾಂಕಿಗೂ ಹಾಗೆ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಬರೆಯುತ್ತದೆ. ಅದರ ಮೇಲೆ ನಾನು ಕಾರ್ಕಳದಲ್ಲಿ ಕನ್ನಡ ಪಾಠ ಹೇಳುವ ಮಾಸ್ಟ್ರು. ಕೈಯಲ್ಲಿ ಪೆನ್ನು, ಎದುರು ಖಾಲಿ ಜಾಗ. ಯೋಚಿಸಬೇಕೆಂದು ಹೊಳೆಯಲೇ ಇಲ್ಲ. ಕನ್ನಡ ನನಗೆ ಅನ್ನ ಕೊಟ್ಟಿದೆ, ಅದರ ಮೇಲಿನ ಪ್ರೀತಿಗೆ ಏನೂ ಕಡಿಮೆಯಿಲ್ಲ. ಆದರೆ ಭಾವನ ಕನ್ನಡ ಐದನೇ ಕ್ಲಾಸಿಗೆ ನಿಂತದ್ದು. ಗಡ್ಡೆಯ ಕಾಟದಲ್ಲಿ ಅದೇ ಮೊದಲು ಸೋತಿತ್ತು. ಬದುಕಿದ ಭಾಷೆಯನ್ನು ಮೆದುಳು ಹೇಗೋ ಉಳಿಸಿಕೊಂಡಿತ್ತು.

"ನನ್ನದೇ ತಪ್ಪು" ಎಂದೆ.

"ಈಗ ಗೊತ್ತಾಯಿತಲ್ಲ ಸರ್, ಅದೇ ದೊಡ್ಡದು" ಎಂದರು ಥೆರಪಿಸ್ಟ್. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದರ ಬದಲು ಅಕ್ಕನನ್ನು ಕೂರಿಸಿಕೊಂಡು, ಪ್ರತಿ ಕಾರ್ಡಿನ ಹಿಂದೆ ತುಳು ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಮೀನಿನ ಕಾರ್ಡನ್ನು ಮಾತ್ರ ಕೈಬಿಟ್ಟರು. ಅಜೆಕಾರಿನ ಒಬ್ಬ ನರ್ಸ್, ಆಪರೇಷನ್ ದಿನ ಅವರಿಗೆ ರಜೆ, ಒಳಗೆ ತುಳುವಿನಲ್ಲಿ ಕೇಳಲು ನಾನು ಬರುತ್ತೇನೆ ಎಂದು ತಾವಾಗಿ ಹೇಳಿದರು.

ಆಪರೇಷನ್ ದಿನ ಅಕ್ಕ ಮತ್ತು ನಾನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆವು. ಒಳಗೆ ಆದದ್ದನ್ನು ಆಮೇಲೆ ಆ ನರ್ಸ್ ಹೇಳಿದರು. ಕನ್ನಡದಲ್ಲಿ ಹೇಳಲು ಬರುತ್ತಿದ್ದ ಕೆಲವು ಕಾರ್ಡುಗಳನ್ನೂ ಒಯ್ದಿದ್ದರು. ಒಂದು ಜಾಗದಲ್ಲಿ ಮುಟ್ಟಿದಾಗ ಭಾವ ಕನ್ನಡದ ಹೆಸರನ್ನು ಸಲೀಸಾಗಿ ಹೇಳಿದರು. ಅದೇ ಜಾಗದಲ್ಲಿ ತುಳುವಿನಲ್ಲಿ ಕೇಳಿದರೆ ಮಾತು ನಿಂತಿತು. ಮತ್ತೆ ಮುಟ್ಟಿದರು, ಮತ್ತೆ ನಿಂತಿತು. ಡಾಕ್ಟರು ಆ ಜಾಗವನ್ನು ಹಾಗೇ ಬಿಟ್ಟರು.

ಹಾಗಾಗಿ ಸ್ವಲ್ಪ ಗಡ್ಡೆ ಅಲ್ಲೇ ಉಳಿದಿದೆ. ಆಗಾಗ ಸ್ಕ್ಯಾನ್ ಮಾಡಿ ಕಾಯಬೇಕು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಬರೀ ಕನ್ನಡದಲ್ಲಿ ಕೇಳಿದ್ದರೆ? ನನ್ನ ದುಂಡು ಅಕ್ಷರವನ್ನು ನಂಬಿ ಅಲ್ಲಿ ಕತ್ತರಿ ಹಾಕಿದ್ದರೆ? ಅಕ್ಕ ಗಂಜಿ ತರುವುದು ಅರ್ಧ ಗಂಟೆ ತಡವಾಗಿದ್ದರೆ? ಈಗಲೂ ಪಾಠದ ನಡುವೆ ಅದು ನೆನಪಾಗಿ ಚಾಕ್‌ಪೀಸ್ ಹಿಡಿದು ನಿಂತುಬಿಡುತ್ತೇನೆ.

ಮೊದಲ ವಾರಗಳು ಸುಲಭ ಇರಲಿಲ್ಲ. ಬೀಸತ್ತಿ ನೆನಪಾಗದೆ "ಮೀನು ಕೊಯ್ಯುವುದು" ಎಂದು ಕೇಳುತ್ತಿದ್ದರು. ಒಂದು ದಾರಿ ಬಂದ್ ಆದರೆ ಇನ್ನೊಂದರಿಂದ ಬರುತ್ತಿದ್ದರು. ಅಕ್ಕ ಪದ ಎತ್ತಿಕೊಡದೆ ಕಾಯುತ್ತಿದ್ದಳು. ಕಾಯುವುದನ್ನು ಥೆರಪಿಸ್ಟ್ ಕಲಿಸಿದ್ದರು. ನಾನು ಯಾವ ದೇವರಿಗೆ ಕೈಮುಗಿಯಲಿ ಎಂದು ಯೋಚಿಸುವಾಗಲೆಲ್ಲ ಮೊದಲು ಕಣ್ಣೆದುರು ಬರುವುದು ಅಕ್ಕ, ಥೆರಪಿಸ್ಟ್, ನರ್ಸ್ ಎಂಬ ಆ ಮೂವರು ಹೆಂಗಸರು, ಆ ಡಾಕ್ಟರು, ಮತ್ತೆ ಯಾರಿಗೂ ಹೇಳದೆ ವರ್ಷಗಟ್ಟಲೆ ಮಾತನ್ನು ಹೊತ್ತು ಸಾಗಿಸಿದ ಭಾವನ ಆ ಮೆದುಳು.

ಭಾವ ಈಗ ಸಮುದ್ರಕ್ಕೆ ಹೋಗುವುದಿಲ್ಲ. ಕಳೆದ ಭಾನುವಾರ ಮಲ್ಪೆಗೆ ಕರೆದುಕೊಂಡು ಹೋಗು ಎಂದರು. ಬಂದರಿನ ದಕ್ಕೆಯಲ್ಲಿ ಕಟ್ಟಿದ್ದ ಬೋಟಿಗೆ ಹತ್ತಿ, ಸೆಟ್ ಎತ್ತಿ ಸದಾನಂದರನ್ನು ಕರೆದರು. ನಿಧಾನವಾಗಿ, ತುಳುವಿನಲ್ಲಿ.

ಸ್ವಲ್ಪ ಹೊತ್ತು ಆಚೆಯಿಂದ ಬರೀ ಗರಗರ. ಆಮೇಲೆ ಧ್ವನಿ ಬಂತು. "ಶೇಖರಣ್ಣನಾ? ಸೆಟ್ ರಿಪೇರಿ ಆಯಿತಾ?"

"ಆಯಿತು" ಎಂದರು ಭಾವ. ನನ್ನ ಕಡೆ ನೋಡಿ, "ನಮ್ಮ ಮಾಸ್ಟ್ರು ಕೊಟ್ಟ ಅಡ್ರೆಸ್ ಮಾತ್ರ ತಪ್ಪಿತ್ತು."

ಅದಕ್ಕೇ ಕೇಳುತ್ತೇನೆ, ನಿಮ್ಮ ಮನೆಯವರ ಫಾರ್ಮಿನ ಆ ಖಾಲಿ ಜಾಗದಲ್ಲಿ ನೀವು ಏನು ಬರೆದಿದ್ದೀರಿ?