ಮಲಗಲು ಬಿಟ್ಟ ನೆಲ

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಬೆಟ್ಟದ ನಮ್ಮೂರಿನಿಂದ ಪೇಟೆಗೆ, ಕೆಸರೆ ಬಡಾವಣೆಯ ನನ್ನ ಬಾಡಿಗೆ ಮನೆಗೆ ಕರೆತಂದೆ. ಬಂದ ವಾರದಲ್ಲೇ ಅವನ ಕಣ್ಣು ಪಕ್ಕದ ಖಾಲಿ ಸೈಟಿನ ಮೇಲೆ ಬಿತ್ತು. ಲಂಟಾನ ಬೆಳೆದು, ಹಂದಿ ಬಿದ್ದುಕೊಳ್ಳುತ್ತಿದ್ದ ಜಾಗ. "ಎಷ್ಟು ವರ್ಸ ಆಯ್ತು ಇದು ಮಲಗಿ?" ಎಂದು ಕೇಳಿದ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಬಂದವಳು. ಸೈಟು ಮಲಗಿದರೆ ನನಗೇನು, ಎದ್ದರೆ ನನಗೇನು ಎಂದು ರೇಗಿದೆ.

ಅಪ್ಪ ಬಿಡಲಿಲ್ಲ. ನನ್ನ ಕೈಲಿ ಮಾಲೀಕರಿಗೆ ಫೋನು ಮಾಡಿಸಿದ. "ಕ್ಲೀನಾಗಿದ್ರೆ ಸಾಕು, ಏನಾದ್ರೂ ಬೆಳ್ಕೊಳ್ಳಿ" ಎಂದರು ಅವರು.

ನಮ್ಮವರು ಹಿಂದೆ ಬೆಟ್ಟದಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದರು. ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಬಿತ್ತುವುದು. ಮೂರು ಬೆಳೆ ತೆಗೆದು, ಮಲಗಿ ಸುಧಾರಿಸಿಕೊಳ್ಳಲೆಂದು ಆ ನೆಲವನ್ನು ಕಾಡಿಗೇ ಬಿಟ್ಟು ಬೇರೆ ಕಡೆ ಹೋಗುವುದು. ಅಪ್ಪನಿಗೆ ಮೀಸೆ ಮೂಡುವ ಹೊತ್ತಿಗೆ ಅರಣ್ಯದವರು ಅದನ್ನು ನಿಲ್ಲಿಸಿಬಿಟ್ಟಿದ್ದರು. ಆದರೂ ಅವನ ಕೈ ಒಂದನ್ನೂ ಮರೆತಿರಲಿಲ್ಲ. ಬೇಸಿಗೆಯಲ್ಲಿ ಲಂಟಾನ ಕಡಿದು ಒಣಗಿಸಿದ. ಸುತ್ತ ಒಂದು ಮಾರು ಅಗಲ ಕೆರೆದು, ಗಾಳಿಯಿಲ್ಲದ ಒಂದು ಬೆಳಿಗ್ಗೆ ಬೆಂಕಿ ಇಟ್ಟ. ನಾನು ನೀರಿನ ಬಕೆಟ್ ಹಿಡಿದು ನಿಂತಿದ್ದೆ. ಬೆಂಕಿ ಅವನು ಕೆರೆದ ಗೆರೆ ದಾಟಲಿಲ್ಲ. ಮೊದಲ ಮಳೆಗೆ ರಾಗಿ, ಸಾಸಿವೆ, ಅವರೆ, ದಂಟು, ಕುಂಬಳ ಎಲ್ಲವನ್ನೂ ಒಟ್ಟಿಗೇ ಎರಚಿದ. ಆ ವರ್ಷ ಇಡೀ ಬೀದಿ ನಮ್ಮ ಸೊಪ್ಪು ತಿಂದಿತು. ಎದುರು ಮನೆಯ ಆಂಟಿ ಗೇಟಿಗೇ ಬಂದು ಕೇಳಿ ಇಸಿದುಕೊಂಡು ಹೋಗುತ್ತಿದ್ದರು.

ಮೂರನೆಯ ಬೆಳೆ ಮನೆಯೊಳಗೆ ಬಂದ ಮೇಲೆ ಅಪ್ಪ ಸೈಟಿನ ನಡುವೆ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ಮಣ್ಣಿಗೆ ನೀರು ಬಿಟ್ಟ. "ತಿಂದಾಯ್ತು ತಾಯಿ, ಇನ್ನು ಮಲಕ್ಕೊ. ನಿನ್ನ ಮೈಮೇಲೆ ಮರ ಏಳೋಗಂಟ ಕತ್ತಿ ಬರಕ್ಕಿಲ್ಲ, ಬೆಂಕಿ ಬರಕ್ಕಿಲ್ಲ. ನಾನು ಮಾತು ಕೊಟ್ಟಿವ್ನಿ" ಎಂದ. ಇದು ಕೆಸರೆ ಕಣಪ್ಪ, ಇಲ್ಲಿ ಏಳುವುದು ಮರ ಅಲ್ಲ, ಮನೆ ಎಂದು ನಾನು ನಕ್ಕೆ. ಅವನೂ ನಕ್ಕ. ಆದರೆ ಮಾರನೆಯ ದಿನದಿಂದ ಒಂದು ಎಲೆಯನ್ನೂ ಅಲ್ಲಿಂದ ಕೀಳಲಿಲ್ಲ, ನನಗೂ ಕೀಳಲು ಬಿಡಲಿಲ್ಲ.

ಒಂದೇ ಮಳೆಗಾಲಕ್ಕೆ ಸೈಟು ಮತ್ತೆ ಪೊದೆಯಾಯಿತು. ಹೊಂಗೆ ಸಸಿಗಳೆದ್ದವು, ಮುಂಗುಸಿ ಬಂತು. ಸೊಪ್ಪು ತಿಂದ ಬಾಯಿಗಳೇ ಈಗ ಬೇರೆ ರಾಗ ತೆಗೆದವು. "ಏನಮ್ಮ, ನಿಮ್ಮಪ್ಪ ಚೆನ್ನಾಗೇ ಇದ್ದಾರಲ್ಲ, ಮತ್ಯಾಕೆ ಹಿಂಗೆ ಕಾಡು ಮಾಡ್ಬುಟ್ರು? ಕಾಡಲ್ಲಿದ್ದೋರಿಗೆ ಕಾಡೇ ಚೆಂದ ಅನ್ಸುತ್ತೋ ಏನೋ" ಎಂದರು ಎದುರು ಮನೆ ಆಂಟಿ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಸ್ಟೆಲಿನಲ್ಲಿ ಓದುವಾಗ ಯಾವ ಮಾತು ಕೇಳಬಾರದೆಂದು ಊರಿನ ಹೆಸರನ್ನೇ ಹೇಳದೆ ಬದುಕಿದೆನೋ, ಆ ಮಾತು ಮನೆ ಬಾಗಿಲಿಗೇ ಬಂದಿತ್ತು. ಆಂಟಿಯ ಮೇಲೆ ಬರಬೇಕಾದ ಸಿಟ್ಟು ಅಪ್ಪನ ಮೇಲೆ ಬಂತು.

ಅಪ್ಪ ಒಂದು ಮದುವೆಗೆಂದು ಬೆಟ್ಟಕ್ಕೆ ಹೋದಾಗ ಜೆಸಿಬಿ ಕರೆಸಿದೆ. ಬೇರು ಸಮೇತ ಕಿತ್ತು, ಕೆಂಪು ಮಣ್ಣು ಕಾಣುವ ಹಾಗೆ ಹೆರೆದು ಹೋಯಿತು. ಆಂಟಿ ಕಾಫಿ ಕೊಟ್ಟರು, ಕುಡಿದೆ. ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಖುಷಿಯೇ ಆಗಿತ್ತು.

ಅಪ್ಪ ವಾಪಸು ಬಂದವನು ಚೀಲ ಕೆಳಗಿಡದೆ ನಿಂತುಬಿಟ್ಟ. "ಯಾರು ಮಗ?" ಎಂದ. ಅವನ ಮುಖ ನೋಡಲಾರದೆ ಕೈಯ ಚೀಲ ಇಸಿದುಕೊಂಡೆ.

"ಓನರ್ ಕಳಿಸಿದ್ರು ಅನ್ಸುತ್ತೆ. ನಾನು ಡ್ಯೂಟಿಲಿದ್ದೆ" ಎಂದೆ.

"ಅವ್ರ ತಪ್ಪಿಲ್ಲ ಬುಡು. ಅವ್ರ ಜಾಗ. ನಂದಲ್ಲದ ನೆಲಕ್ಕೆ ನಾನು ಮಾತು ಕೊಡಬಾರ್ದಾಗಿತ್ತು" ಎಂದ.

ಆಮೇಲೆ ಅವನು ಸರಿಯಾಗಿ ಊಟ ಮಾಡಲಿಲ್ಲ. ನೆಲಕ್ಕೆ ಕೊಟ್ಟ ಮಾತನ್ನು ಯಾರು ಮುರಿದರೂ, ಹೊಸ ಚಿಗುರು ಕಾಣುವವರೆಗೆ ಮಾತು ಕೊಟ್ಟವನೇ ದಿನಾ ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂಬುದು ನಮ್ಮವರ ಕಟ್ಟಳೆ. ದಿನಾ ಸಂಜೆ ಒಂದು ಚೊಂಬು ನೀರು ಹಿಡಿದು ಹೋಗುತ್ತಾನೆ. ಬೀದಿಯವರೆಲ್ಲ ನೋಡುತ್ತಿರುವಾಗಲೇ ಆ ಬೋಳು ಮಣ್ಣಿಗೆ ಹಣೆ ಹಚ್ಚುತ್ತಾನೆ. ಅವನ ಮೊಣಕಾಲು ಸರಿಯಿಲ್ಲ, ಏಳುವಾಗ ಪಕ್ಕದ ನಮ್ಮ ಮನೆ ಗೋಡೆ ಹಿಡಿಯಬೇಕು. ಹೇಳಿಬಿಡಬೇಕು ಅಂದುಕೊಂಡೇ ದಿನಾ ಕೆಲಸದಿಂದ ಬರುತ್ತೇನೆ, ಅವನ ಹಣೆಯ ಮಣ್ಣು ನೋಡಿದರೆ ನಾಲಿಗೆ ಏಳುವುದಿಲ್ಲ. ಥೂ, ಎಂಥ ಮಗಳು ನಾನು.

ನಿನ್ನೆ ಅವನ ಹಿಂದೆಯೇ ಹೋದೆ. ಅವನು ನೀರು ಬಿಟ್ಟು "ನಂದೇ ತಪ್ಪು ತಾಯಿ" ಎಂದಾಗ ನಾನೂ ಪಕ್ಕದಲ್ಲಿ ಕೂತು ಮಣ್ಣಿಗೆ ಹಣೆ ಇಟ್ಟೆ. ಅಪ್ಪ ಗಾಬರಿಯಾಗಿ ನನ್ನ ತೋಳು ಹಿಡಿದೆತ್ತಿದ.

"ಏಳವ್ವ, ಏಳು. ನೀನ್ಯಾಕೆ ಅಡ್ಡ ಬೀಳ್ತೀಯೆ? ನೀನೇನು ಮಾಡಿದ್ದೀಯೆ?" ಎಂದ.

"ಸುಮ್ನೆ ಕಣಪ್ಪ" ಎಂದೆ.

ಅವನು ತನ್ನ ಟವಲಿನ ತುದಿಯಿಂದ ನನ್ನ ಹಣೆಯ ಮಣ್ಣು ಒರೆಸಿದ.